ಒಣ ನೆಲದ ವಿಜ್ಞಾನಿ

ಮಣ್ಣು ಪರೀಕ್ಷೆಯ ಪ್ರಯೋಗಾಲಯದಲ್ಲಿ ಮೂವತ್ತೊಂದು ವರ್ಷ ಕೂತು ಎದ್ದ ಮನುಷ್ಯನಿಗೆ ಮಣ್ಣಿನ ಬಗ್ಗೆ ಒಂದಿಷ್ಟಾದರೂ ಗೊತ್ತಿರಲೇಬೇಕು ಎಂದು ಜನ ನಂಬಿದರೆ ಅದು ಜನರ ತಪ್ಪಲ್ಲ. ನಮ್ಮ ಸ್ಟೋರ್ ಕೀಪರರ ತಪ್ಪೂ ಅಲ್ಲ. ಅವರು ಕೂತಿದ್ದದ್ದು ಉಗ್ರಾಣದಲ್ಲಿ. ಅವರಿಗೆ ಗೊತ್ತಿದ್ದದ್ದು ಪೆಟ್ಟಿಗೆಗಳು. ಯಾವ ಉಪಕರಣ ಯಾವ ಕಪಾಟಿನ ಎಷ್ಟನೇ ಅರೆಯಲ್ಲಿದೆ, ಅದರ ಮುಚ್ಚಳದ ಕೊಂಡಿ ಗಟ್ಟಿಯಿದೆಯೋ ಸಡಿಲವೋ, ಯಾರು ಒಯ್ದರು, ವಾಪಸು ತರುವಾಗ ಒರೆಸಿ ತಂದರೋ ಕೊಳಕಾಗಿಯೇ ತಂದರೋ, ಇಷ್ಟನ್ನು ಅವರು ಕಣ್ಣು ಮುಚ್ಚಿಕೊಂಡು ಹೇಳುತ್ತಿದ್ದರು. ಆ ಉಪಕರಣಗಳು ಹೊರಗೆ ಹೋಗಿ ಏನು ಮಾಡಿ ಬರುತ್ತವೆ ಎಂಬ ಪ್ರಶ್ನೆ ಮಾತ್ರ ಅವರನ್ನು ಒಂದು ದಿನವೂ ಕಾಡಿರಲಿಲ್ಲ. ಹೊರಗೆ ಹೋದದ್ದು ಹೊತ್ತಿಗೆ ಸರಿಯಾಗಿ ಒಳಗೆ ಬಂದರೆ ಅವರ ಪಾಲಿಗೆ ವಿಜ್ಞಾನ ಅಲ್ಲಿಗೆ ಮುಗಿಯುತ್ತಿತ್ತು.

ನಿವೃತ್ತಿಯ ದಿನ ಸಹೋದ್ಯೋಗಿಗಳು ಅವರಿಗೊಂದು ಚುಚ್ಚುಕಡ್ಡಿ ಕೊಟ್ಟರು. ಪೆನ್ನಿಗಿಂತ ತುಸು ದಪ್ಪ, ಒಳಗೊಂದು ಸ್ಪ್ರಿಂಗು, ಮೈಮೇಲೆ ಸೊನ್ನೆಯಿಂದ ನಾಲ್ಕೂವರೆವರೆಗೆ ಗೆರೆಗಳು. ತುದಿಯನ್ನು ನೆಲಕ್ಕೆ ಒತ್ತಿದರೆ ನೆಲ ಎಷ್ಟು ಗಟ್ಟಿಯಾಗಿ ತಿರುಗಿ ಒತ್ತಿತು ಎಂಬುದನ್ನು ಒಂದು ಕೆಂಪು ಉಂಗುರ ತೋರಿಸುತ್ತದೆ. ಬಣ್ಣ ಹೋಗಿದೆ ಎಂಬ ಕಾರಣಕ್ಕೆ ಆ ಕಡ್ಡಿಯನ್ನು ಬಳಕೆಗೆ ಬಾರದ ವಸ್ತುಗಳ ಪಟ್ಟಿಗೆ ಸೇರಿಸಿದವರು ಸ್ವತಃ ಸ್ಟೋರ್ ಕೀಪರರೇ. ಹಾಗೆ ಕೈಯಾರೆ ಎಸೆದದ್ದು ಮಿರುಗುವ ಕಾಗದ ಸುತ್ತಿಕೊಂಡು ಅವರ ಕೈಗೇ ಮರಳಿತು. ಅವರು ಕಣ್ಣೊರೆಸಿಕೊಂಡು ಸ್ವೀಕರಿಸಿದರು.

ಮನೆಯಲ್ಲಿ ಮೊದಲ ಎರಡು ದಿನ ಸುಖವಾಗಿ ಕಳೆದವು. ಮೂರನೆಯ ದಿನ ಅವರು ಅಡುಗೆಮನೆಯ ಡಬ್ಬಗಳಿಗೆಲ್ಲ ಅಂಕೆ ಬರೆದ ಚೀಟಿ ಅಂಟಿಸಿ, ಹೆಂಡತಿ ಉಪ್ಪು ಕೇಳಿದಾಗ ಹನ್ನೊಂದನೇ ನಂಬರು ಎಂದರು. ಆಕೆ ಸಹಿ ಮಾಡಿ ತೆಗೆದುಕೊಳ್ಳಬೇಕೇ ಎಂದು ಕೇಳಿದಳು. ಅದರ ಬಗ್ಗೆಯೂ ಯೋಚಿಸುತ್ತಿದ್ದೇನೆ ಎಂದು ಇವರು ಹೇಳಿದ್ದೇ ತಪ್ಪಾಯಿತು. ಆಕೆ ಚುಚ್ಚುಕಡ್ಡಿಯನ್ನು ಅವರ ಕೈಗೆ ಕೊಟ್ಟು, ಸ್ವಲ್ಪ ಹೊತ್ತು ಹೊರಗೆ ಗಾಳಿಗೆ ಹೋಗಿ ಬನ್ನಿ ಎಂದು ಬಾಗಿಲು ತೋರಿಸಿದಳು.

ಹೊರಗೆ ಹೋದವರು ಮಾಡುವುದೇನು? ಬಾಗಿ ಅಂಗಳಕ್ಕೆ ಕಡ್ಡಿ ಒತ್ತಿದರು. ಬೇಸಿಗೆಯ ನೆಲ, ಕಾದು ಒಣಗಿ ಹೆಂಚಾಗಿತ್ತು. ಕೆಂಪು ಉಂಗುರ ಮೂರೂವರೆಯ ಮೇಲೆ ನಿಂತಿತು. ತಮ್ಮ ಅಂಗಳಕ್ಕೆ ಇಷ್ಟು ಮಾನವಿದೆ ಎಂದು ಅವರಿಗೆ ಗೊತ್ತಿರಲಿಲ್ಲ. ಬೀದಿಯಂಚಿಗೆ ಹೋಗಿ ಅಲ್ಲೂ ಒತ್ತಿದರು. ಪಕ್ಕದ ಟೈಲರು ಹೊಲಿಗೆ ಯಂತ್ರ ನಿಲ್ಲಿಸಿ, ಕತ್ತಿನ ಸುತ್ತ ಅಳತೆಯ ಟೇಪು ಇಳಿಬಿಟ್ಟುಕೊಂಡೇ ಹೊರಬಂದು, ಏನು ಮಾಡುತ್ತಿದ್ದೀರಿ ಎಂದು ವಿಚಾರಿಸಿದ.

"ನೆಲ ನೋಡ್ತಿದ್ದೀನಪ್ಪ. ಮೂವತ್ತೊಂದು ವರ್ಷದ ಅಭ್ಯಾಸ, ಅಷ್ಟು ಸುಲಭಕ್ಕೆ ಬಿಡುತ್ತಾ?" ಎಂದರು ಸ್ಟೋರ್ ಕೀಪರರು.

ಈ ಮಾತಿನಲ್ಲಿ ಸುಳ್ಳು ಎಂದು ಬೊಟ್ಟುಮಾಡಿ ತೋರಿಸುವಂಥದ್ದೇನೂ ಇರಲಿಲ್ಲ. ನೆಲ ನೋಡುತ್ತಿದ್ದುದು ನಿಜ, ಮೂವತ್ತೊಂದು ವರ್ಷವೂ ನಿಜ. ಎರಡನ್ನೂ ಒಂದೇ ಉಸಿರಿನಲ್ಲಿ ಹೇಳಿದ್ದಷ್ಟೇ ಅವರ ಕೈಚಳಕ. ಟೈಲರು ಗೌರವದಿಂದ ಟೇಪನ್ನು ಕತ್ತಿನಿಂದ ತೆಗೆದು ಜೇಬಿಗೆ ಹಾಕಿಕೊಂಡ. ಒಬ್ಬ ಅಳತೆಗಾರ ಇನ್ನೊಬ್ಬ ಅಳತೆಗಾರನಿಗೆ ತೋರಿಸುವ ಮರ್ಯಾದೆ ಅದು.

ಅಂದು ಸಂಜೆ ಹೆಂಡತಿಯ ತಮ್ಮ ಬಂದ. ಡೇರೆ, ಕುರ್ಚಿ, ಮೈಕುಗಳನ್ನು ಸಮಾರಂಭಗಳಿಗೆ ಒದಗಿಸುವುದು ಅವನ ಕಸುಬು. ಆ ಕಸುಬಿನವರಿಗೆ ಸಣ್ಣ ದನಿಯಲ್ಲಿ ಮಾತಾಡಿ ರೂಢಿಯಿರುವುದಿಲ್ಲ. ಟೈಲರನ ಬಾಯಿಂದ ಸುದ್ದಿ ಕೇಳಿದವನೇ, ನಮ್ಮ ಭಾವ ಎಂದರೆ ಯಾರು ಅಂದುಕೊಂಡಿದ್ದೀರಿ, ಮಣ್ಣು ವಿಜ್ಞಾನಿ, ದೊಡ್ಡ ದೊಡ್ಡ ಅಣೆಕಟ್ಟುಗಳ ಕೆಲಸ ಅವರು ಹೂಂ ಎನ್ನುವವರೆಗೆ ನಿಂತೇ ಇರುತ್ತಿತ್ತು ಎಂದು ನಾಲ್ಕು ಮನೆಗೆ ಕೇಳುವಂತೆ ಹೇಳಿದ. ಸ್ಟೋರ್ ಕೀಪರರು ಒಳಗಿದ್ದರು. ಅಲ್ಲವೆಂದು ಹೇಳಲು ಚಪ್ಪಲಿ ಮೆಟ್ಟಿ ಹೊರಗೆ ಬರಬೇಕಿತ್ತು. ಚಪ್ಪಲಿ ಬೇಗ ಸಿಗಲಿಲ್ಲ.

ಮರುದಿನದಿಂದ ಅವರು ಮಣ್ಣಿನ ಸಾಹೇಬರಾದರು. ಬೆಳಗಾದರೆ ಯಾರಾದರೊಬ್ಬರು ಬಾಗಿಲಲ್ಲಿ. ನಮ್ಮ ಅಂಗಳ ಒಂದು ನೋಡಿ, ನಮ್ಮ ಹಿತ್ತಲು ಒಂದು ನೋಡಿ. ಮೂರು ಮುಕ್ಕಾಲು ಬಂದ ಮನೆಯವರು ಮೂರು ಬಂದ ಮನೆಯವರನ್ನು ಕಂಡರೆ ತುಸು ಕತ್ತೆತ್ತಿ ನಡೆಯತೊಡಗಿದರು. ಎದುರುಮನೆಯ ಮುದುಕಿ ತನ್ನ ಹಾಸಿಗೆಗೂ ಕಡ್ಡಿ ಒತ್ತಿಸಿ, ಉಂಗುರ ಬರೀ ಕಾಲಂಶಕ್ಕೆ ನಿಂತದ್ದು ತಿಳಿದ ಮೇಲೆ, ಬೆನ್ನುನೋವಿಗೆ ಇದೇ ಕಾರಣವೆಂದು ಸೊಸೆಗೆ ಸಾಧಿಸಿ ತೋರಿಸಿದಳು. ಮಧ್ಯಾಹ್ನ ಗಿಡಗಳಿಗೆ ನೀರು ಹಾಕಿದ ಜಾಗದಲ್ಲಿ ಅದೇ ಅಂಗಳ ಒಂದಕ್ಕೆ ಇಳಿಯುವುದನ್ನು ಒಂದೆರಡು ಸಲ ಸ್ಟೋರ್ ಕೀಪರರು ಗಮನಿಸಿದರು. ಕಡ್ಡಿಗೆ ಬಿಸಿಲು ತಾಗಿರಬೇಕು ಎಂದುಕೊಂಡು ಅದನ್ನು ಜೇಬಿನಲ್ಲಿಟ್ಟು ತಂಪು ಮಾಡಿದರು.

ಇಷ್ಟರಲ್ಲೇ ಮುಗಿದಿದ್ದರೆ ಯಾರಿಗೂ ಏನೂ ತೊಂದರೆಯಿರಲಿಲ್ಲ. ಆದರೆ ಬಡಾವಣೆಗೆ ಒಂದು ವಾಚನಾಲಯ ಬರುವುದಿತ್ತು. ಎರಡು ಅಂತಸ್ತು, ತಲೆಯ ಮೇಲೊಂದು ನೀರಿನ ಟ್ಯಾಂಕು. ಅದಕ್ಕೆ ಎರಡು ಜಾಗಗಳಿದ್ದವು. ಬೀದಿಯ ಪೂರ್ವದ ಕೊನೆಗೆ ಬೋಳು ಮೈದಾನ. ಒಂದು ಹುಲ್ಲುಕಡ್ಡಿ ಇಲ್ಲ, ಇಸ್ತ್ರಿ ಮಾಡಿದಂತೆ ಸಪಾಟು. ಪಶ್ಚಿಮದ ಕೊನೆಗೆ ಹುಲ್ಲು ಬೆಳೆದ ಜಾಗ. ಎರೆಹುಳು ಎಬ್ಬಿಸಿದ ಸಣ್ಣ ಸಣ್ಣ ಗುಪ್ಪೆ, ಕಾಲಿಟ್ಟರೆ ಮೆತ್ತಗೆ. ಬಡಾವಣೆಯ ಸಂಘದ ಅಧ್ಯಕ್ಷರಾದ ಡ್ರಿಲ್ ಮೇಷ್ಟ್ರ ಮನೆ ಪೂರ್ವಕ್ಕಿತ್ತು. ಟೈಲರನ ಅಂಗಡಿ ಇದ್ದದ್ದು ಪಶ್ಚಿಮಕ್ಕೆ ಹೋಗುವ ದಾರಿಯಲ್ಲಿ. ಓದುವವರು ಯಾರ ಮುಂದೆ ಹಾದು ಹೋಗಬೇಕು ಎಂಬುದರ ಮೇಲೆ ಎಂಟು ತಿಂಗಳಿಂದ ಸಭೆಗಳು ನಡೆದಿದ್ದವು. ಪ್ರತಿ ಸಭೆಯೂ ಮುಂದಿನ ಸಭೆಯ ದಿನವನ್ನು ಗೊತ್ತುಮಾಡಿ ಮುಗಿಯುತ್ತಿತ್ತು.

ಡ್ರಿಲ್ ಮೇಷ್ಟ್ರು ಶಾಲೆ ಬಿಟ್ಟು ಹತ್ತು ವರ್ಷವಾಗಿದ್ದರೂ ಎಡ ಬಲ ಬಿಟ್ಟಿರಲಿಲ್ಲ. ಒಂದು ಬೆಳಿಗ್ಗೆ ಅವರು ಸ್ಟೋರ್ ಕೀಪರರ ಮುಂದೆ ನೆಟ್ಟಗೆ ನಿಂತು, ಜಗಳ ಸಾಕು, ವಿಜ್ಞಾನ ಏನು ಹೇಳುತ್ತದೋ ಹಾಗೆ ಎಂದು ಅಪ್ಪಣೆ ಕೊಟ್ಟರು. ಎರಡೂ ಜಾಗ ಎಲ್ಲರ ಮುಂದೆ ಅಳೆಯಬೇಕು, ಭಾನುವಾರ ಬೆಳಿಗ್ಗೆ ಹತ್ತಕ್ಕೆ.

ಭಾನುವಾರ ಇಡೀ ಬೀದಿ ಪೂರ್ವದ ಮೈದಾನಕ್ಕೆ ಬಂತು. ಸ್ಟೋರ್ ಕೀಪರರು ಮಂಡಿಯೂರಿ ಕಡ್ಡಿ ಒತ್ತಿದರು. ನೆಲ ಜಗ್ಗಲಿಲ್ಲ. ಇನ್ನಷ್ಟು ಒತ್ತಿದರು. ಕೆಂಪು ಉಂಗುರ ನಾಲ್ಕೂವರೆಗೆ ಹೋಗಿ, ಮುಂದೆ ಹೋಗಲು ಗೆರೆಯಿಲ್ಲದೆ ನಿಂತಿತು. ಐದು ಕಡೆ ಒತ್ತಿದರೂ ಅದೇ. ಡ್ರಿಲ್ ಮೇಷ್ಟ್ರು ತಮ್ಮ ಕಡೆಯ ಪರೀಕ್ಷೆಯೂ ಒಂದಿರಲಿ ಎಂದು ಮೂರು ಸಲ ಎಗರಿ ಹಾರಿದರು. ಮೂರು ಸಲವೂ ನೆಲ ಅವರನ್ನು ಹಾಗೆಯೇ ವಾಪಸು ಕೊಟ್ಟಿತು. ನಂತರ ಎಲ್ಲರೂ ಪಶ್ಚಿಮಕ್ಕೆ ನಡೆದರು. ಅಲ್ಲಿ ಉಂಗುರ ಒಂದೂಕಾಲು ದಾಟಲಿಲ್ಲ. ಹೆಬ್ಬೆರಳಿನಿಂದ ಒತ್ತಿದರೂ ಕುಳಿ ಬೀಳುತ್ತಿತ್ತು. ಟೈಲರು ಇನ್ನೊಮ್ಮೆ ನೋಡಿ ಎಂದು ಕೇಳಿಕೊಂಡ. ಇನ್ನೊಮ್ಮೆ ನೋಡಿದಾಗ ಒಂದೇ ಬಂತು. ಅವನು ಅಂಗಡಿಗೆ ಹೋಗಿ ಯಂತ್ರ ತುಳಿಯತೊಡಗಿದ.

ಭಾವಮೈದ ಅಂದೇ ಒಂದು ಪತ್ರ ಬೆರಳಚ್ಚು ಮಾಡಿಸಿಕೊಂಡು ಬಂದ. ಪೂರ್ವದ ನೆಲ ಕಲ್ಲಿಗೆ ಸಮಾನವಾದ ಗಟ್ಟಿ, ಅದರ ಮೇಲೆ ಏನು ಬೇಕಾದರೂ ಕಟ್ಟಬಹುದು ಎಂದು ಬರೆದು, ಕೆಳಗೆ ಹಿರಿಯ ಮಣ್ಣು ವಿಜ್ಞಾನಿ (ನಿವೃತ್ತ) ಎಂದು ಹಾಕಿ, ಸಹಿಗೆ ಜಾಗ ಬಿಟ್ಟಿದ್ದ. ಸ್ಟೋರ್ ಕೀಪರರು ಪತ್ರವನ್ನು ಎರಡು ಸಲ ಓದಿದರು. ನಿವೃತ್ತ ಎಂಬ ಪದ ಸರಿಯಾಗಿತ್ತು. ಉಳಿದದ್ದರ ಬಗ್ಗೆ ಏನಾದರೂ ಹೇಳೋಣವೆಂದರೆ ಡ್ರಿಲ್ ಮೇಷ್ಟ್ರು ಪೆನ್ನಿನ ಮುಚ್ಚಳ ತೆಗೆದು ಹಿಡಿದುಕೊಂಡಿದ್ದರು. ಮುಚ್ಚಳ ತೆಗೆದ ಪೆನ್ನನ್ನು ಹೆಚ್ಚು ಹೊತ್ತು ಕಾಯಿಸಬಾರದೆಂಬುದು ಸ್ಟೋರ್ ಕೀಪರರು ನೌಕರಿಯಲ್ಲಿ ಕಲಿತ ಪಾಠ. ಸಹಿ ಹಾಕಿದರು.

ಪತ್ರ ನಗರಸಭೆಯ ಇಂಜಿನಿಯರರ ಮೇಜಿಗೆ ಹೋಯಿತು. ಆಕೆ ಹೊಸಬಳು, ಮಿತಭಾಷಿ. ಎರಡೇ ಪ್ರಶ್ನೆ ಬರೆದು ಕಳಿಸಿದಳು. ಅಳೆಯುವಾಗ ಮಣ್ಣಿನ ತೇವಾಂಶ ಎಷ್ಟಿತ್ತು? ಗುಂಡಿ ತೋಡಿಸಿ ಕೆಳಗಿನ ಪದರ ನೋಡಿದ್ದೀರಾ? ಸ್ಟೋರ್ ಕೀಪರರು ಇದಕ್ಕೆ ಉತ್ತರ ಬರೆಯಲು ಒಂದು ಇಡೀ ಬೆಳಿಗ್ಗೆ ತೆಗೆದುಕೊಂಡರು. ಕೊನೆಗೆ, ಅಂದು ಹವೆ ಹಿತಕರವಾಗಿತ್ತು, ತೇವದ ತೊಂದರೆ ಯಾವುದೂ ಇರಲಿಲ್ಲ, ನೆಲ ಇಷ್ಟು ಚೆನ್ನಾಗಿರುವಾಗ ಗುಂಡಿ ತೋಡಿ ಕೆಡಿಸುವುದು ಉಚಿತವಲ್ಲ ಎಂದು ಬರೆದರು. ಇಂಜಿನಿಯರಮ್ಮ ಆ ಉತ್ತರವನ್ನು ಓದಿ ಹವಾಮಾನ ವರದಿಗಳ ಕಡತಕ್ಕೆ ಸೇರಿಸಿದಳಂತೆ. ಗುಂಡಿ ತೋಡಲೇಬೇಕೆಂದು ಆಕೆ ಟಿಪ್ಪಣಿ ಹಾಕುವಷ್ಟರಲ್ಲಿ ಡ್ರಿಲ್ ಮೇಷ್ಟ್ರು ನಗರಸಭೆಯ ಅಧ್ಯಕ್ಷರನ್ನೇ ಹಿಡಿದು ಅಡಿಗಲ್ಲಿಗೆ ದಿನ ಗೊತ್ತುಮಾಡಿಸಿಕೊಂಡು ಬಂದಿದ್ದರು.

ಸಮಾರಂಭಕ್ಕೆ ಸ್ಟೋರ್ ಕೀಪರರಿಗೆ ವೇದಿಕೆಯ ಮೇಲೊಂದು ಕುರ್ಚಿ ಗೊತ್ತಾಗಿತ್ತು. ಕುರ್ಚಿಗೆ ತಕ್ಕ ಕೋಟು ಬೇಕಲ್ಲ. ಹಿಂದಿನ ದಿನ ಮಧ್ಯಾಹ್ನ ಅವರು ಟೈಲರನ ಅಂಗಡಿಗೆ ಕೋಟು ತರಲು ಹೋದರು. ಆ ಭಾನುವಾರದಿಂದ ಟೈಲರು ಅವರೊಂದಿಗೆ ಅಳತೆಯ ಅಂಕೆಗಳನ್ನು ಬಿಟ್ಟು ಬೇರೇನೂ ಆಡಿರಲಿಲ್ಲ. ಅಂದು ಕೋಟನ್ನು ಅವರ ಹೆಗಲ ಮೇಲೇ ಹಾಕಿ ಕೊನೆಯ ಗುಂಡಿ ಹೊಲಿಯುತ್ತಾ, ತಲೆಯೆತ್ತದೆ ಕೇಳಿದ.

"ಸಾರ್, ಗಂಜಿ ಹಾಕಿದ ಬಟ್ಟೆ ನೋಡಿದ್ದೀರಲ್ಲ? ಒಣಗಿದಾಗ ಹೊಲಿಗೆನೇ ಇಲ್ಲದಿದ್ರೂ ತಗಡಿನ ಹಾಗೆ ನಿಲ್ಲುತ್ತೆ. ಒಂದು ಚೊಂಬು ನೀರು ಬಿತ್ತು ಅಂದ್ರೆ ಮುದ್ದೆ. ಹೊಲಿಗೆ ಹಾಕಿದ ಬಟ್ಟೆ ಮೆತ್ತಗೇ ಇರುತ್ತೆ, ಆದ್ರೆ ನೆನೆದ್ರೂ ಹೊಲಿಗೆ ಬಿಡಲ್ಲ. ನೀವು ಅವತ್ತು ಅಳೆದದ್ದು ಗಂಜಿನಾ, ಹೊಲಿಗೆನಾ?"

ಸ್ಟೋರ್ ಕೀಪರರು ಕೋಟಿನ ಒಂದು ತೋಳಿನೊಳಗೆ ಕೈ ತೂರಿಸಿದವರು ಅಲ್ಲೇ ನಿಂತರು. ಟೈಲರು ಮುಂದುವರಿಸಿದ. ಅವನು ಚಿಕ್ಕವನಿದ್ದಾಗ ಪೂರ್ವದ ಮೈದಾನ ದೊಡ್ಡ ಹೊಂಡವಾಗಿತ್ತು. ಊರಿನ ಚರಂಡಿ ಅಗೆದ ಮಣ್ಣು, ಧೂಳು, ಒಡೆದ ಹೆಂಚು, ಎಲ್ಲವನ್ನೂ ಗಾಡಿಗಟ್ಟಲೆ ತಂದು ಅದಕ್ಕೆ ಸುರಿದರು. ಅದನ್ನು ಯಾರೂ ಪದರ ಪದರವಾಗಿ ತುಳಿದು ಕೂರಿಸಲಿಲ್ಲ. ಮೇಲೊಂದಿಷ್ಟು ನುಣ್ಣನೆಯ ಮಣ್ಣು ಹರಡಿದರು, ಬಿಸಿಲು ಅದನ್ನು ಸುಟ್ಟಿತು, ಅಷ್ಟೇ. ಪಶ್ಚಿಮದ ನೆಲವನ್ನು ಮಾತ್ರ ತಾನು ಹುಟ್ಟಿದಾಗಿನಿಂದ ಯಾರೂ ಕೆದಕಿಲ್ಲ. ಇದನ್ನು ಆ ದಿನವೇ ಏಕೆ ಹೇಳಲಿಲ್ಲ ಎಂದು ಕೇಳಿದ್ದಕ್ಕೆ, ವಿಜ್ಞಾನಿಗಳ ಮುಂದೆ ಬಾಯಿ ಬಿಡುವಷ್ಟು ದೊಡ್ಡವನಲ್ಲ ಎಂದು ದಾರ ಕಚ್ಚಿ ಹರಿದ.

ಒಂದೇ ತೋಳು ತೂರಿಸಿದ ಕೋಟಿನಲ್ಲಿ ಮನೆಗೆ ಬಂದ ಗಂಡನನ್ನು ನೋಡಿ ಹೆಂಡತಿ ವಿಷಯವೇನೆಂದು ಕೇಳಿದಳು. ಅವರು ಗಂಜಿ, ಹೊಲಿಗೆ, ಹೊಂಡ ಎಂದು ತೊದಲಿದರು. ಆಕೆ ಇಪ್ಪತ್ತು ವರ್ಷದಿಂದ ಹಿತ್ತಲಲ್ಲಿ ತರಕಾರಿ ಬೆಳೆದವಳು. ಅರ್ಧ ಮಾತಿಗೇ ಅವಳಿಗೆ ಅರ್ಥವಾಯಿತು.

"ಅದಕ್ಯಾಕೆ ತಲೆ ಮೇಲೆ ಕೈ ಹೊತ್ಕೊಂಡು ಕೂತಿದ್ದೀರಿ? ಎರಡೂ ಕಡೆಯಿಂದ ಒಂದೊಂದು ಹೆಂಟೆ ತನ್ನಿ, ಒಣಗಿಸಿ ನೀರಿಗೆ ಹಾಕೋಣ. ನೀರೇ ಹೇಳುತ್ತೆ."

ಹೆಂಟೆಗಳು ಬಂದವು. ಬಾಣಲೆಯಲ್ಲಿಟ್ಟು ಸಣ್ಣ ಉರಿಯಲ್ಲಿ ಎರಡನ್ನೂ ಚೆನ್ನಾಗಿ ಒಣಗಿಸಿದ್ದಾಯಿತು. ಒಣಗಿದ ಮೇಲೆ ಸ್ಟೋರ್ ಕೀಪರರು ಕಡ್ಡಿ ಒತ್ತಿ ನೋಡಿದರೆ ಪಶ್ಚಿಮದ ಹೆಂಟೆಯೂ ಪೂರ್ವದ್ದರಷ್ಟೇ ಗಟ್ಟಿಯಾಗಿತ್ತು. ಎರಡು ಗಾಜಿನ ಲೋಟಗಳಲ್ಲಿ ನೀರು ತುಂಬಿ, ಒಂದೊಂದರಲ್ಲಿ ಒಂದೊಂದು ಹೆಂಟೆ ಇಳಿಬಿಟ್ಟರು. ಪೂರ್ವದ ಹೆಂಟೆ ಮೊದಲು ಬುಳಬುಳನೆ ಗುಳ್ಳೆ ಬಿಟ್ಟಿತು. ಆಮೇಲೆ ಅಂಚು ಉದುರಿತು. ಆಮೇಲೆ ನಡು ಬಿರಿಯಿತು. ಚಹಾ ಕುದಿಯುವಷ್ಟರಲ್ಲಿ ಲೋಟದ ತಳದಲ್ಲಿ ಕೆಸರಿನ ಗುಡ್ಡೆ ಬಿಟ್ಟರೆ ಬೇರೇನೂ ಇರಲಿಲ್ಲ. ಪಶ್ಚಿಮದ್ದು ನೀರು ಕುಡಿದು ಕಪ್ಪಗಾಯಿತು, ತುಸು ಉಬ್ಬಿತು, ನಾಲ್ಕು ಕಾಳು ಉದುರಿಸಿತು. ಚಹಾ ಕುಡಿದಾದ ಮೇಲೂ ಸಿಟ್ಟು ಮಾಡಿಕೊಂಡ ನೆಂಟರ ಹಾಗೆ ಕೂತಲ್ಲೇ ಕೂತಿತ್ತು. ಹೆಂಡತಿ ಅದನ್ನು ಹೊರತೆಗೆದು ಮುರಿದು ತೋರಿಸಿದಳು. ಒಳಗೆ ಕೂದಲೆಳೆಯಂಥ ಬೇರು, ಸಣ್ಣ ಸಣ್ಣ ತೂತು, ಕಾಳು ಕಾಳಾಗಿ ಒಂದಕ್ಕೊಂದು ಅಂಟಿಕೊಂಡ ಮಣ್ಣು.

ಸ್ಟೋರ್ ಕೀಪರರು ಕೆಸರಿನ ಲೋಟ ಹಿಡಿದುಕೊಂಡು ಡ್ರಿಲ್ ಮೇಷ್ಟ್ರ ಮನೆಗೆ ಓಡಿದರು. ಮೇಷ್ಟ್ರು ನಾಳೆಯ ಭಾಷಣವನ್ನು ಕನ್ನಡಿಯ ಮುಂದೆ ಅಭ್ಯಾಸ ಮಾಡುತ್ತಿದ್ದರು. ಲೋಟವನ್ನು ನೋಡಿ, ನಾವು ಕಟ್ಟುವುದು ನೆಲದ ಮೇಲೆ, ಲೋಟದೊಳಗಲ್ಲ ಎಂದರು. ಮಳೆ ಬಂದರೆ ಎಂದು ಇವರು ಕೇಳಿದ್ದಕ್ಕೆ, ಮಳೆಗಾಲದಲ್ಲಿ ಛತ್ರಿ ಹಿಡಿದು ಬರಲು ಓದುಗರಿಗೆ ಹೇಳೋಣ ಎಂದರು. ಕೊನೆಗೆ ದನಿ ತಗ್ಗಿಸಿ, ವಿಜ್ಞಾನಿ ಎಂದು ಸಹಿ ಹಾಕಿದವರು ನೀವು, ಈಗ ವಿಜ್ಞಾನಿ ಅಲ್ಲ ಎಂದು ಬರೆದುಕೊಡಿ, ನಾಳೆಯೇ ನಿಲ್ಲಿಸುತ್ತೇನೆ ಎಂದು ಪೆನ್ನಿನ ಮುಚ್ಚಳ ತೆಗೆದರು. ಈ ಸಲ ಸ್ಟೋರ್ ಕೀಪರರು ಪೆನ್ನನ್ನು ಕಾಯಿಸಿದರು. ಸಾಕಷ್ಟು ಕಾಯಿಸಿ, ಏನೂ ಬರೆಯದೆ ಮನೆಗೆ ಬಂದರು. ಬೀದಿಯಲ್ಲಿ ಮೂರು ಜನ ಅವರಿಗೆ ನಮಸ್ಕಾರ ಮಾಡಿದರು. ಪ್ರತಿ ನಮಸ್ಕಾರಕ್ಕೂ ಅವರು ಒಂದಿಷ್ಟು ಕುಗ್ಗಿದರು.

ಅಡಿಗಲ್ಲಿನ ಬೆಳಿಗ್ಗೆ ಪೂರ್ವದ ಮೈದಾನದಲ್ಲಿ ಡೇರೆ ಎದ್ದಿತ್ತು. ಭಾವಮೈದ ಅಚ್ಚುಕಟ್ಟುಗಾರ. ಧೂಳೆದ್ದು ಅತಿಥಿಗಳ ಬಟ್ಟೆ ಹಾಳಾಗಬಾರದೆಂದು ನೀರಿನ ಟ್ಯಾಂಕರು ತರಿಸಿ ನೆಲಕ್ಕೆಲ್ಲ ನೀರು ಹೊಡೆಸಿದ್ದ. ಮೇಲೆ ಕೆಂಪು ಜಮಖಾನೆ ಹಾಸಿಸಿದ್ದ. ವೇದಿಕೆಯೆಂದರೆ ಪ್ರತ್ಯೇಕ ಕಟ್ಟೆಯೇನಲ್ಲ, ಜಮಖಾನೆಯ ಮೇಲೆಯೇ ಒಂದು ದೊಡ್ಡ ಸೋಫಾ, ಪಕ್ಕಕ್ಕೆ ಕುರ್ಚಿಗಳು, ಮುಂದೊಂದು ಹಲಗೆ, ಹಲಗೆಯ ಮೇಲೆ ಮೈಕು. ಟ್ಯಾಂಕರಿನವನು ಪೈಪನ್ನು ಸೋಫಾದ ಹಿಂದೆ ಜಮಖಾನೆಯಡಿ ಬಿಟ್ಟು ಚಹಾಕ್ಕೆ ಹೋಗಿದ್ದ. ನಲ್ಲಿ ಪೂರ್ತಿ ನಿಂತಿರಲಿಲ್ಲ. ಇದು ಯಾರಿಗೂ ಗೊತ್ತಿರಲಿಲ್ಲ, ನೆಲವೊಂದನ್ನು ಬಿಟ್ಟು.

ನಗರಸಭೆಯ ಅಧ್ಯಕ್ಷರು ತುಂಬಿದ ಮೈಯವರು. ಅವರು ಸೋಫಾದ ಎಡಗಡೆ ಕೂತರು. ಕಡ್ಡಿಯಂಥ ಅವರ ಕಾರ್ಯದರ್ಶಿ ಬಲಗಡೆ ಕೂತ. ಇಂಜಿನಿಯರಮ್ಮ ತುದಿಯ ಕುರ್ಚಿಯಲ್ಲಿ, ಸ್ಟೋರ್ ಕೀಪರರು ಅವಳ ಪಕ್ಕದಲ್ಲಿ. ಡ್ರಿಲ್ ಮೇಷ್ಟ್ರು ಹಲಗೆಯೇರಿ ಸ್ವಾಗತ ಭಾಷಣ ಶುರುಮಾಡಿದರು. ತಳಪಾಯ ಎಂಬ ಪದದ ಮೇಲೆ ಅವರಿಗೆ ಬಹಳ ಪ್ರೀತಿ. ಶಿಕ್ಷಣದ ತಳಪಾಯ, ಶಿಸ್ತಿನ ತಳಪಾಯ, ಬಡಾವಣೆಯ ಒಗ್ಗಟ್ಟಿನ ತಳಪಾಯ.

ಒಗ್ಗಟ್ಟಿನ ಹೊತ್ತಿಗೆ ಸೋಫಾದ ಎಡಗಾಲು ಒಂದು ಬೆರಳು ಇಳಿಯಿತು.

ಮೊದಲು ಕಂಡದ್ದು ಸ್ಟೋರ್ ಕೀಪರರಿಗೆ. ಕಣ್ಣುಜ್ಜಿಕೊಂಡು ನೋಡಿದರು. ಎರಡು ಬೆರಳಾಗಿತ್ತು. ಅಧ್ಯಕ್ಷರು ಸೋಫಾ ಮೆತ್ತಗಿದೆ ಎಂದುಕೊಂಡು ಇನ್ನಷ್ಟು ಹಿಂದಕ್ಕೆ ಒರಗಿದರು. ಕಾರ್ಯದರ್ಶಿ ತನಗೆ ತಿಳಿಯದಂತೆ ಅವರ ಕಡೆಗೆ ಒಂದು ಗೇಣು ಜಾರಿದ, ಕ್ಷಮೆ ಕೇಳಿ ಮೇಲಕ್ಕೆ ಸರಿದ, ಮತ್ತೆ ಜಾರಿದ. ಮುಂದಿನ ಸಾಲಿನ ಜನ ಇದನ್ನು ನೋಡುತ್ತಿದ್ದರು, ಆದರೆ ದೊಡ್ಡವರು ಮುಳುಗುವಾಗ ಮೊದಲು ಯಾರು ಹೇಳಬೇಕು ಎಂಬುದು ತೀರ್ಮಾನವಾಗಿರಲಿಲ್ಲ. ಭಾವಮೈದ ದೂರದಿಂದ ಕೈಸನ್ನೆ ಮಾಡಿ ಎಲ್ಲವೂ ಸರಿಯಿದೆ ಎಂದ.

ಸ್ಟೋರ್ ಕೀಪರರು ಜೇಬಿನಿಂದ ಕಡ್ಡಿ ತೆಗೆದು, ಜಮಖಾನೆಯ ಅಂಚೆತ್ತಿ ನೆಲಕ್ಕೆ ಒತ್ತಿದರು. ಉಂಗುರ ಅಲ್ಲಾಡಲಿಲ್ಲ. ಸೊನ್ನೆ. ಕಡ್ಡಿ ಮಾತ್ರ ಬೆಣ್ಣೆಯೊಳಗೆ ಇಳಿದಂತೆ ಹಿಡಿಯವರೆಗೂ ಹೋಯಿತು. ಅವರು ತಲೆಯೆತ್ತಿದಾಗ ಇಂಜಿನಿಯರಮ್ಮ ಅವರನ್ನೇ ನೋಡುತ್ತಿದ್ದಳು.

"ಈಗ ತೇವಾಂಶ ಎಷ್ಟಿದೆ ಅಂತೀರಿ?" ಎಂದು ಮೆಲ್ಲಗೆ ಕೇಳಿದಳು.

ಮೂವತ್ತೊಂದು ವರ್ಷದಲ್ಲಿ ಒಮ್ಮೆಯೂ ಮೈಕಿನ ಮುಂದೆ ನಿಲ್ಲದ ಮನುಷ್ಯ ಎದ್ದು ನಿಂತರು. ಮೊದಲ ಹೆಜ್ಜೆಗೇ ವಾಲಿದರು. ಅದರಲ್ಲಿ ಎಷ್ಟು ಭಯ, ಎಷ್ಟು ನೆಲ ಎಂದು ಹೇಳುವುದು ಕಷ್ಟ. ಹಲಗೆಯ ಹತ್ತಿರ ಹೋಗಿ, ರಾಷ್ಟ್ರದ ತಳಪಾಯಕ್ಕೆ ಬಂದಿದ್ದ ಡ್ರಿಲ್ ಮೇಷ್ಟ್ರ ಕೈಯಿಂದ ಮೈಕು ತೆಗೆದುಕೊಂಡರು.

"ಎಲ್ರೂ ಕ್ಷಮಿಸಬೇಕು. ನಾನು ವಿಜ್ಞಾನಿ ಅಲ್ಲ. ಸ್ಟೋರ್ ಕೀಪರ್. ಈ ನೆಲ ಅವತ್ತು ಒಣಗಿತ್ತು, ಅದಕ್ಕೆ ಗಟ್ಟಿ ಇತ್ತು. ಒಳಗೆ ಇದಕ್ಕೆ ಕಟ್ಟು ಇಲ್ಲ. ನನಗೆ ಅಷ್ಟೂ ಗೊತ್ತಿಲ್ಲದೆ ಸಹಿ ಹಾಕಿಬಿಟ್ಟೆ. ಇಲ್ಲಿ ಕಟ್ಟಬೇಡಿ. ಅದಕ್ಕೂ ಮೊದಲು, ದಯವಿಟ್ಟು ಅಧ್ಯಕ್ಷರನ್ನ ಮೇಲಕ್ಕೆತ್ತಿ."

ಅಷ್ಟು ಹೊತ್ತಿಗೆ ಅಧ್ಯಕ್ಷರ ಮೊಣಕಾಲು ಎದೆಯ ಮಟ್ಟಕ್ಕೆ ಬಂದಿತ್ತು, ಕಾರ್ಯದರ್ಶಿ ಅವರ ಹೆಗಲ ಮೇಲಿದ್ದ. ನಾಲ್ಕು ಜನ ಎದ್ದು ಅತ್ತ ಓಡಿದರು. ಆದರೆ ಡ್ರಿಲ್ ಮೇಷ್ಟ್ರು ಸೋಲೊಪ್ಪುವ ಜಾತಿಯವರಲ್ಲ. ಇದು ಸೋಫಾದ ದೋಷ, ಈ ನೆಲ ನನಗೆ ಗೊತ್ತು, ನೋಡಿ ಎಂದು ಘೋಷಿಸಿ, ಹಲಗೆಯಿಂದ ಎರಡೂ ಕಾಲು ಜೋಡಿಸಿ ನೆಲಕ್ಕೆ ಹಾರಿದರು. ಹಾರಿದವರು ಮೇಲೆ ಬರಲಿಲ್ಲ. ಜಮಖಾನೆಯ ಸಮೇತ ಮೊಣಕಾಲಿನವರೆಗೆ ಇಳಿದು, ಕೈಗಳನ್ನು ಪಕ್ಕಕ್ಕೆ ಅಂಟಿಸಿಕೊಂಡು, ಡ್ರಿಲ್ಲಿನ ಸಾವಧಾನ್ ಭಂಗಿಯಲ್ಲಿ ನಿಂತೇ ಇದ್ದರು. ವೃತ್ತಿಯಲ್ಲಿ ಅಷ್ಟು ನೇರವಾಗಿ ಅವರು ಹಿಂದೆಂದೂ ನಿಂತಿರಲಿಕ್ಕಿಲ್ಲ.

ಮೊದಲು ನಕ್ಕವರು ನಗರಸಭೆಯ ಅಧ್ಯಕ್ಷರು. ನಾಲ್ಕು ಜನ ಕೈಹಿಡಿದು ಎಬ್ಬಿಸುವಾಗಲೂ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದರು. ಇಪ್ಪತ್ತು ವರ್ಷದಲ್ಲಿ ಇನ್ನೂರು ಅಡಿಗಲ್ಲು ಹಾಕಿದ್ದೇನೆ, ಕಲ್ಲಿಗಿಂತ ಮೊದಲು ನನ್ನನ್ನೇ ಹೂಳಿದವರು ನೀವೊಬ್ಬರೇ ಎಂದರು. ಅವರು ನಕ್ಕ ಮೇಲೆ ಕಾರ್ಯದರ್ಶಿ ನಕ್ಕ, ಆಮೇಲೆ ಇಡೀ ಬೀದಿ. ಡ್ರಿಲ್ ಮೇಷ್ಟ್ರನ್ನು ಎಳೆಯಲು ಮುಂದೆ ಬಂದವನು ಟೈಲರು. ಎಳೆದ ರಭಸಕ್ಕೆ ಮೇಷ್ಟ್ರು ಬಂದರು, ಬೂಟುಗಳು ಒಳಗೇ ಉಳಿದವು. ಟೈಲರು ತನ್ನ ಚಪ್ಪಲಿ ಬಿಟ್ಟುಕೊಟ್ಟ. ಎಂಟು ತಿಂಗಳ ಸಭೆಗಳಿಂದ ಆಗದಿದ್ದ ರಾಜಿ ಅಲ್ಲಿ ಆಯಿತು.

ಸ್ಟೋರ್ ಕೀಪರರು ಮಾತ್ರ ಯಾರ ಮುಖವನ್ನೂ ನೋಡದೆ ಮನೆಗೆ ಹೊರಟರು. ಹೆಂಡತಿ ಅವರ ಪಕ್ಕದಲ್ಲಿ ನಡೆದಳು. ಅರ್ಧ ದಾರಿಯಲ್ಲಿ, ಎಲ್ಲರೆದುರು ಹಾಗೆ ಹೇಳಲು ಧೈರ್ಯ ಬೇಕು ಎಂದಳು. ಅವರು ಹೌದೇ ಎಂದು ಕೇಳಿದರು. ಆಕೆ, ಪತ್ರಕ್ಕೆ ಸಹಿ ಹಾಕಲು ಬುದ್ಧಿ ಇಲ್ಲದಿದ್ದರೆ ಸಾಕಾಗಿತ್ತು ಎಂದು ಸೇರಿಸಿ ಲೆಕ್ಕ ಸರಿಮಾಡಿದಳು.

ಮುಂದಿನ ವಾರ ಇಂಜಿನಿಯರಮ್ಮ ಎರಡೂ ಕಡೆ ಗುಂಡಿ ತೋಡಿಸಿದಳು. ಪೂರ್ವದಲ್ಲಿ ಒಂದು ಗೇಣು ಗಟ್ಟಿ ಮಣ್ಣು, ಅದರಡಿ ಪುಡಿ ಧೂಳು, ಒಡೆದ ಹೆಂಚು, ಒಂದು ಕೊಡೆಯ ಕಡ್ಡಿ ಸಿಕ್ಕಿದವು. ಗುಂಡಿಗೆ ನೀರು ಬಿಟ್ಟರೆ ಅದರ ಗೋಡೆ ಅಲ್ಲೇ ಕುಸಿಯಿತು. ಪಶ್ಚಿಮದಲ್ಲಿ ಮೇಲಿನ ಮೆತ್ತನೆಯ ಹುಲ್ಲುಮಣ್ಣು ತೆಗೆದು ಒಂದಾಳು ಕೆಳಗೆ ಹೋದಾಗ ಕೆಂಪನೆಯ ಕೆಚ್ಚುಮಣ್ಣು ಬಂತು. ನೀರು ತುಂಬಿ ಎರಡು ದಿನ ಬಿಟ್ಟರೂ ಗುಂಡಿಯ ಗೋಡೆ ಗುದ್ದಲಿಯ ಗುರುತಿನ ಸಮೇತ ಹಾಗೆಯೇ ನಿಂತಿತ್ತು. ಅದೇ ಮಣ್ಣಿನ ಒಂದು ತುಂಡನ್ನು ಆಕೆ ಕೈಯಲ್ಲಿ ಹಿಸುಕಿ, ಮಿದ್ದು, ಮತ್ತೆ ಉಂಡೆ ಮಾಡಿ ತೋರಿಸಿದಳು. ಮಣ್ಣು ಅದೇ, ನೀರೂ ಅಷ್ಟೇ, ಆದರೆ ಒಳಗಿನ ಕಟ್ಟು ಹೋದ ಮೇಲೆ ಉಂಡೆ ಬೆರಳ ಸಂದಿಯಿಂದ ಜಾರಿತು. ಟೈಲರು, ಹೊಲಿಗೆ ಬಿಚ್ಚಿದ್ದಾಯಿತು ಎಂದ. ಇಂಜಿನಿಯರಮ್ಮ ಅದನ್ನು ಒಪ್ಪಿಕೊಂಡಳು.

ಅದೇ ದಿನ ಆಕೆ ಸ್ಟೋರ್ ಕೀಪರರನ್ನು ಕರೆದು, ನಗರಸಭೆಯ ಉಪಕರಣಗಳ ಕೋಣೆಯ ಬಾಗಿಲು ತೆರೆದರೆ ಮೇಲಿನವು ತಲೆಯ ಮೇಲೆ ಬೀಳುತ್ತವೆ, ವಾರಕ್ಕೆರಡು ಬೆಳಿಗ್ಗೆ ಬಂದು ಹೊಂದಿಸಿ ಕೊಡುತ್ತೀರಾ ಎಂದು ಕೇಳಿದಳು. ಅವರು ಒಂದು ತಿಂಗಳಲ್ಲಿ ಆ ಕೋಣೆಯನ್ನು ಎಷ್ಟು ಅಚ್ಚುಕಟ್ಟು ಮಾಡಿದರೆಂದರೆ, ಅಧ್ಯಕ್ಷರು ಬೇಸರವಾದಾಗಲೆಲ್ಲ ಅಲ್ಲಿ ಬಂದು ಐದು ನಿಮಿಷ ನಿಂತು ಹೋಗುತ್ತಿದ್ದರು.

ವಾಚನಾಲಯ ಪಶ್ಚಿಮದಲ್ಲಿ ಎದ್ದಿತು. ಮೊದಲ ದೊಡ್ಡ ಮಳೆ ನಾಲ್ಕು ದಿನ ಬಿಡದೆ ಸುರಿದಾಗ ಬೀದಿಗೆ ಬೀದಿಯೇ ಕೊಡೆ ಹಿಡಿದು, ಕಟ್ಟಡ ಇಳಿಯುತ್ತದೋ ಎಂದು ನೋಡಲು ಬಂತು. ನೋಡಲು ಬಂದೆವು ಎಂದು ಹೇಳಲು ನಾಚಿಕೆಯಾಗಿ ಎಲ್ಲರೂ ಒಳಗೆ ಹೋಗಿ ಪತ್ರಿಕೆ ಹಿಡಿದು ಕೂತರು. ಅಷ್ಟು ಓದು ಆ ವಾಚನಾಲಯ ಮತ್ತೆ ಕಂಡಿಲ್ಲ. ಬೇರೆ ಬಡಾವಣೆಯ ಒಬ್ಬರು ಮಳೆಗೆ ನಿಲ್ಲಲು ಒಳಬಂದವರು, ಈ ಮಳೆಗೆ ಇಲ್ಲಿ ಕೂರುವುದು ಕ್ಷೇಮವೇ ಎಂದು ಒಬ್ಬೊಬ್ಬರನ್ನೇ ವಿಚಾರಿಸಿದರು. ಡ್ರಿಲ್ ಮೇಷ್ಟ್ರು ನೂರು ವರ್ಷಕ್ಕೆ ಭರವಸೆ ಕೊಟ್ಟರು. ಭಾವಮೈದ ಇನ್ನೂರಕ್ಕೆ ಏರಿಸಿದ. ಕೊನೆಗೆ ಆತ ಕಿಟಕಿಯ ಪಕ್ಕ ಕೂತ ಸ್ಟೋರ್ ಕೀಪರರನ್ನು ಕೇಳಿದರು.

"ನನಗೆ ಗೊತ್ತಿಲ್ಲ," ಎಂದರು ಸ್ಟೋರ್ ಕೀಪರರು. "ಗುಂಡಿ ತೋಡಿಸಿ ನೋಡಿದವರು ನಗರಸಭೆಯ ಇಂಜಿನಿಯರ್. ಅವರನ್ನ ಕೇಳಿ."

ಆಗಂತುಕರು ಅವರನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. ಕುರ್ಚಿ ಹತ್ತಿರಕ್ಕೆ ಎಳೆದುಕೊಂಡು ದನಿ ತಗ್ಗಿಸಿ, ತಾವು ಮಣ್ಣು ವಿಜ್ಞಾನಿಗಳೇ ಎಂದು ಕೇಳಿದರು. ಅಲ್ಲ, ಸ್ಟೋರ್ ಕೀಪರ್ ಎಂದು ಇವರು ಸ್ಪಷ್ಟವಾಗಿ ಹೇಳಿದರು. ಆತ ಅರ್ಥವಾಯಿತೆಂಬಂತೆ ತಲೆದೂಗಿ, ದೊಡ್ಡವರು ಹೀಗೆಯೇ ಹೇಳುವುದು ಎಂದು ಎದ್ದುಹೋದರು. ಮರುದಿನ ಮಳೆ ನಿಂತ ಮೇಲೆ ಅವರು ತಮ್ಮ ಬಡಾವಣೆಯ ಇನ್ನೂ ಮೂವರನ್ನು, ಒಬ್ಬೊಬ್ಬರ ಕೈಯಲ್ಲೂ ಒಂದೊಂದು ಹೆಂಟೆ ಮಣ್ಣಿನ ಸಮೇತ, ಕರೆದುಕೊಂಡು ಬಂದರು.